ಕೆಳಗೆ ಆನೆ, ಮೇಲೆ ಮದನಿಕೆ, ಮಧ್ಯೆ ಒಂದು ಮೊಳೆ

ನಮ್ಮ ಮಾವನವರು ದೇವರಂಥ ಮನುಷ್ಯ. ಇದು ನಾನು ಹೇಳುವ ಮಾತಲ್ಲ, ನಮ್ಮ ಬೀದಿಯವರೆಲ್ಲ ಹೇಳುವ ಮಾತು. ಹೇಳದೆ ಏನು ಮಾಡುತ್ತಾರೆ? ಬೀದಿಯವರ ಗೋಡೆಗೆ ಅವರು ಮೊಳೆ ಹೊಡೆದಿಲ್ಲವಲ್ಲ!

ಹೊಡೆದಿರುವುದೆಲ್ಲ ನಮ್ಮ ಗೋಡೆಗೆ. ಎರಡು ವರ್ಷದಲ್ಲಿ ನಲವತ್ತೊಂದು ಮೊಳೆ. ನಾನು ಅರಸೀಕೆರೆಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ. ಬೆಳಗಿನಿಂದ ಸಂಜೆಯವರೆಗೆ ಊರವರ ಹೊಲ, ತೋಟಗಳ ಪಹಣಿ ನೋಡುವುದು ನನ್ನ ಕೆಲಸ. ಸಾಕಪ್ಪಾ ಎಂದು ಮನೆಗೆ ಬಂದರೆ ಮಾವನವರ ಕೈಯಲ್ಲಿ ನಮ್ಮ ಗೋಡೆಗಳ ಪಹಣಿ! ಉತ್ಪ್ರೇಕ್ಷೆಯಲ್ಲ, ನೂರು ಪುಟದ ಒಂದು ನೋಟುಬುಕ್ಕಿನಲ್ಲಿ ಪ್ರತಿಯೊಂದು ಗೋಡೆಯ ನಕ್ಷೆ ಬರೆದಿದ್ದಾರೆ. ಮೊಳೆಗಳಿಗೆಲ್ಲ ನಂಬರು. ಎಷ್ಟು ಎತ್ತರ, ಮೂಲೆಯಿಂದ ಎಷ್ಟು ದೂರ, ಯಾವ ಚಿತ್ರ, ಯಾವ ದಾರ, ಎಲ್ಲವೂ ಅದರಲ್ಲಿದೆ. ನಮ್ಮ ಕಚೇರಿಯ ದಾಖಲೆಗಳು ಇದರ ಅರ್ಧದಷ್ಟು ಅಚ್ಚುಕಟ್ಟಾಗಿದ್ದಿದ್ದರೆ ನನ್ನ ಟೇಬಲ್ಲಿನ ಮುಂದೆ ಅಷ್ಟೊಂದು ಜನ ನಿಲ್ಲುತ್ತಿರಲಿಲ್ಲ.

ಮಾವನವರು ಹಾರನಹಳ್ಳಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ವಾರವೆಲ್ಲ ಮಕ್ಕಳಿಗೆ ಹೂಜಿ, ಮಾವಿನಹಣ್ಣು ಬರೆಯುವುದನ್ನು ಕಲಿಸುವುದು, ಭಾನುವಾರ ಬಂತೆಂದರೆ ಕಂಕುಳಲ್ಲಿ ಡ್ರಾಯಿಂಗ್ ಬೋರ್ಡು ಇಟ್ಟುಕೊಂಡು ಹಳೇಬೀಡಿಗೋ ಬೇಲೂರಿಗೋ ಬಸ್ಸು ಹತ್ತುವುದು. ದೇವಸ್ಥಾನದ ಹೊರಗೋಡೆಯ ಮುಂದೆ ಕೂತರೆ ಕಾವಲುಗಾರ ಬಂದು ಏಳಿಸುವವರೆಗೂ ಬರೆಯುವುದು. ಹೀಗೆ ಮೂವತ್ತು ವರ್ಷ ಬರೆದ ಚಿತ್ರಗಳು ಎರಡು ಟ್ರಂಕು ತುಂಬಿದ್ದವು. ಚಿತ್ರಗಳು ಚೆನ್ನಾಗಿವೆ, ಅದರಲ್ಲಿ ಎರಡು ಮಾತಿಲ್ಲ. ಟ್ರಂಕಿನಲ್ಲಿದ್ದಾಗ ಇನ್ನೂ ಚೆನ್ನಾಗಿದ್ದವು!

ಟ್ರಂಕಿನಲ್ಲಿ ಇಟ್ಟಿದ್ದವರು ನಮ್ಮ ಅತ್ತೆ. ಸ್ಟೇಷನ್ ಹತ್ತಿರದ ಬಾಡಿಗೆ ಮನೆಯಲ್ಲಿ ಒಂದು ಮೊಳೆ ಹೊಡೆಯಲೂ ಅವರು ಬಿಟ್ಟಿರಲಿಲ್ಲ. “ಮಗ ಸ್ವಂತ ಮನೆ ಕಟ್ಟಲಿ, ಆಮೇಲೆ ಎಷ್ಟು ಬೇಕಾದರೂ ಹೊಡ್ಕೊಳ್ಳೀರಂತೆ” ಎನ್ನುತ್ತಿದ್ದರು. ನಾವು ಕಟ್ಟಿದೆವು, ಹಾಸನದ ಕಡೆ ಹೋಗುವ ರೈಲುಹಳಿಯ ಪಕ್ಕದಲ್ಲಿ. ಗೃಹಪ್ರವೇಶದಲ್ಲಿ ಹಾಲು ಉಕ್ಕಿಸಿದವರು ಅತ್ತೆಯೇ. ಐದು ತಿಂಗಳಾಗುವಷ್ಟರಲ್ಲಿ ಎರಡು ದಿನದ ಜ್ವರಕ್ಕೆ ಹೋಗಿಬಿಟ್ಟರು. ಕಾರ್ಯವೆಲ್ಲ ಮುಗಿದು ನೆಂಟರು ಹೊರಟ ಮಾರನೇ ಬೆಳಿಗ್ಗೆ ನಡುಮನೆಯಲ್ಲಿ ಟಕ್ ಟಕ್ ಎಂದು ಸದ್ದು. ಹೋಗಿ ನೋಡಿದರೆ ಮಾವನವರು ಬಾಗಿಲಿಗೆ ಎದುರಾಗಿರುವ ಗೋಡೆಗೆ ಮೊಳೆ ಹೊಡೆಯುತ್ತಿದ್ದಾರೆ. ನೋಟುಬುಕ್ಕಿನಲ್ಲಿ ಅದು ಒಂದನೇ ನಂಬರು. ಅದಕ್ಕೆ ಅವರು ಏನನ್ನೂ ತೂಗುಹಾಕಲಿಲ್ಲ. ಮೊಳೆ ಹೊಡೆದರು, ಕೆಳಗೆ ಬಿದ್ದ ಗಾರೆಯ ಪುಡಿಯನ್ನು ತಾವೇ ಗುಡಿಸಿದರು, ಹೋಗಿ ಟ್ರಂಕು ತೆಗೆದರು. ನನ್ನ ಗ್ರಹಚಾರ ಶುರುವಾದದ್ದು ಅವತ್ತು.

ನಿಮ್ಮ ಮನೆಯಲ್ಲಿ ಒಂದು ಚಿತ್ರ ಗೋಡೆಗೇರಲು ಎಷ್ಟು ಹೊತ್ತು ಬೇಕು? ಐದು ನಿಮಿಷ? ಹತ್ತು? ನಮ್ಮ ಮನೆಯಲ್ಲಿ ಮೂರು ದಿನ. ಮೊದಲನೇ ದಿನ ಗೋಡೆ ನೋಡುವುದು. ಎದುರಿಗೆ ಕುರ್ಚಿ ಹಾಕಿಕೊಂಡು ಬರೀ ನೋಡುವುದು ಕಣ್ರೀ! ಮಧ್ಯೆ ಯಾರೂ ಓಡಾಡುವಂತಿಲ್ಲ. ಎರಡನೇ ದಿನ ಅಳತೆ. ಮೂರನೇ ದಿನ ಮೊಳೆ. ಅಳತೆ ಎಂದರೆ ಟೇಪು ಹಿಡಿದು ಅಳೆಯುವುದು ಎಂದುಕೊಂಡಿರಾ? ಟೇಪನ್ನು ಅವರು ನಂಬುವುದಿಲ್ಲ. “ನೆಲವೇ ಸಮ ಇಲ್ಲ, ನೆಲದಿಂದ ಅಳೆದರೆ ಚಿತ್ರ ಹೇಗಮ್ಮ ಸಮ ಬರುತ್ತೆ?” ಎನ್ನುತ್ತಾರೆ. ಗಾರೆ ಕೆಲಸದವರು ಮಟ್ಟ ನೋಡಲು ಇಟ್ಟುಕೊಳ್ಳುವ ಪ್ಲಾಸ್ಟಿಕ್ ಪೈಪಿದೆಯಲ್ಲ, ಒಳಗೆ ನೀರು ತುಂಬಿ ಎರಡು ತುದಿಯಲ್ಲಿ ಇಬ್ಬರು ಹಿಡಿದು ನಿಲ್ಲುತ್ತಾರಲ್ಲ, ಅದೇ ಬೇಕು. ನೀರು ಸರಿಯಾಗಿ ಕಾಣಲಿ ಎಂದು ಅದಕ್ಕೆ ಕುಂಕುಮ ಬೇರೆ ಕದಡುತ್ತಾರೆ. ಒಂದು ತುದಿಯಲ್ಲಿ ಅವರು. ಇನ್ನೊಂದು ತುದಿಯಲ್ಲಿ ಯಾರು? ನಮ್ಮನೆಯವರು “ಅಪ್ಪನ ವಿಷಯ ಗೊತ್ತಲ್ಲ, ಸ್ವಲ್ಪ ಸುಧಾರಿಸ್ಕೊಳ್ಳೇ” ಎಂದು ಬ್ಯಾಂಕಿನ ಕೆಲಸಕ್ಕೆ ಹೊರಟುಬಿಡುತ್ತಾರೆ. ಉಳಿದವಳು ನಾನು ತಾನೆ!

“ಇನ್ನೂ ಚೂರು ಎತ್ತಮ್ಮ.”

“ಮಾವ, ಒಲೆ ಮೇಲೆ ಒಗ್ಗರಣೆ ಇಟ್ಟು ಬಂದಿದ್ದೀನಿ.”

“ಒಗ್ಗರಣೆ ಇನ್ನೊಂದು ಸಲ ಹಾಕಬಹುದು ಕಣಮ್ಮ. ಮೊಳೆ ಹಾಗಲ್ಲ. ಒಂದು ಸಲ ಹೊಡೆದರೆ ಹೊಡೆದ ಹಾಗೆ.”

ಹೀಗೆ ಹೇಳಿದ ಮಹಾನುಭಾವರು ಆ ವಾರ ಅದೇ ಮೊಳೆಯನ್ನು ನಾಲ್ಕು ಜಾಗದಲ್ಲಿ ಹೊಡೆದು ಕಿತ್ತರು. ಐದನೇ ಸಲ ನನ್ನ ಕೈ ಸೋತು ಪೈಪು ಜಾರಿತು. ಕುಂಕುಮದ ನೀರು ಗೋಡೆಯ ಮೇಲೆ ಉದ್ದಕ್ಕೆ ಇಳಿಯಿತು. ಸುಣ್ಣ ಹಚ್ಚಿದರೂ ಹೋಗಲಿಲ್ಲ, ಪೇಂಟು ಬಳಿದರೂ ಹೋಗಲಿಲ್ಲ. ಹೊಸಬರು ಯಾರಾದರೂ ಮನೆಗೆ ಬಂದರೆ ಆ ಕೆಂಪು ಕಲೆ ನೋಡಿ ಹೊಸ್ತಿಲ ಆಚೆಯೇ ಒಂದು ಗಳಿಗೆ ನಿಲ್ಲುತ್ತಾರೆ. ಆಮೇಲೆ ನನ್ನ ಮುಖ ನೋಡುತ್ತಾರೆ.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಚಿತ್ರ ಅರ್ಧ ಬೆರಳು ಸೊಟ್ಟಗಿದ್ದರೆ ಗಂಟಲಲ್ಲಿ ಅನ್ನ ಇಳಿಯದ ಈ ಮನುಷ್ಯನ ಅಂಗಿಯ ಕಾಲರ್ ಯಾವಾಗಲೂ ಒಂದು ಕಡೆ ಒಳಕ್ಕೆ ಮಡಚಿಕೊಂಡಿರುತ್ತದೆ! ಅದು ಅವರ ಕಣ್ಣಿಗೆ ಬೀಳುವುದೇ ಇಲ್ಲ. ಸೊಸೆ ನಾನು, ಹೇಗೆ ಹೇಳಲಿ? ಸಂಕೋಚ. ಹಾಗೇ ಪೇಟೆಗೆ ಹೋಗಿ ಬರುತ್ತಾರೆ.

ಮೊದಲು ಗೋಡೆ ಹತ್ತಿದ್ದು ಹಳೇಬೀಡಿನ ಆನೆಗಳು. ಹತ್ತಿದ್ದು ಎಂದೆನಲ್ಲ, ತಪ್ಪು. ಅವು ಹತ್ತಲೇ ಇಲ್ಲ. ನೆಲದಿಂದ ಒಂದು ಗೇಣು ಮೇಲೆ, ನಡುಮನೆಯ ಸುತ್ತ ಸಾಲಾಗಿ ಹನ್ನೊಂದು ಆನೆಗಳನ್ನು ಕಟ್ಟು ಹಾಕಿಸಿ ನಿಲ್ಲಿಸಿದರು. ಸೋಫಾದ ಹಿಂದೆ ನಾಲ್ಕು ಆನೆ ಮುಚ್ಚಿಹೋದವು. ಎರಡನ್ನು ಬಾಗಿಲು ತೆರೆದಾಗಲೆಲ್ಲ ಬಾಗಿಲು ಗುದ್ದುತ್ತದೆ.

“ಮಾವ, ಆನೆಗಳನ್ನ ಸ್ವಲ್ಪ ಮೇಲೆ ಹಾಕಿದ್ರೆ ನಾಲ್ಕು ಜನ ನೋಡ್ತಾರಲ್ವಾ?”

“ಹಳೇಬೀಡಲ್ಲಿ ಆನೆ ಸಾಲು ಎಲ್ಲಿದೆ?”

“ಕೆಳಗಿದೆ.”

“ಯಾಕೆ ಕೆಳಗಿದೆ? ಭಾರ ಹೊರೋದು ಆನೆ. ಆನೆ ಮೇಲೆ ಹೋದರೆ ಗುಡಿ ನಿಲ್ಲುತ್ತೇನಮ್ಮ?”

ನಮ್ಮ ಮನೆಯನ್ನು ಹೊತ್ತಿರುವುದು ಸಿಮೆಂಟು, ಕಬ್ಬಿಣ ಮತ್ತು ಎರಡು ಸಂಬಳ ಎಂದು ಹೇಳಬೇಕೆನಿಸಿತು. ಹೇಳಿ ಏನು ಪ್ರಯೋಜನ? ಮನೆಕೆಲಸಕ್ಕೆ ಬರುವ ಗೌರಕ್ಕ ಮಾತ್ರ ಒಂದು ವಾರ ನೆಲ ಒರೆಸಿ, ಬಟ್ಟೆಯನ್ನು ಬಕೆಟ್ಟಿಗೆ ಎಸೆದು ಎದ್ದು ನಿಂತಳು. “ಅಕ್ಕಾ, ನೆಲ ಒರ್ಸು ಅಂದ್ರೆ ಒರುಸ್ತೀನಿ, ಪಾತ್ರೆ ತೊಳಿ ಅಂದ್ರೆ ತೊಳಿತೀನಿ. ದಿನಾ ಹನ್ನೊಂದು ಆನೆ ಮೈ ಒರ್ಸಾಕೆ ನನ್ ಕೈಲಿ ಆಗಕಿಲ್ಲ” ಎಂದಳು. ಮಾವನವರಿಗೆ ಬೇಜಾರಾಗಲಿಲ್ಲ. ಅಂದಿನಿಂದ ಆನೆಗಳ ಮೈ ಒರೆಸುವುದು ಅವರ ಕೆಲಸವಾಯಿತು. ಬೆಳಿಗ್ಗೆ ಎದ್ದು ನೆಲದ ಮೇಲೆ ಕೂತು, ಜರುಗಿಕೊಂಡು ಜರುಗಿಕೊಂಡು, ಒಂದೊಂದನ್ನೇ ಒರೆಸುತ್ತಾರೆ. ಅದೇ ಹೊತ್ತಿಗೆ ನನಗೆ ಕಚೇರಿಗೆ ತಡವಾಗುತ್ತಿರುತ್ತದೆ, ದಾಟಲು ದಾರಿ ಇರುವುದಿಲ್ಲ.

ಆನೆ ಮುಗಿಯಿತು, ಮದನಿಕೆಯರು ಶುರುವಾದರು. ಇವರು ಬೇಲೂರಿನವರು. ಇವರ ಜಾಗ ಸೂರಿನ ಕೆಳಗೆ. ಅದೂ ಸುಮ್ಮನೆ ಗೋಡೆಗೆ ಒರಗಿ ಅಲ್ಲ. ಚೌಕಟ್ಟಿನ ಕೆಳಗಿನ ಅಂಚು ಗೋಡೆಗೆ ತಾಗಬೇಕು, ಮೇಲಿನ ಅಂಚು ಒಂದು ಗೇಣು ಮುಂದಕ್ಕೆ ಬಾಗಬೇಕು. ಹನ್ನೆರಡು ಹೆಂಗಸರು ಮೇಲಿನಿಂದ ಬಗ್ಗಿ ನಾನು ಏನು ಮಾಡುತ್ತಿದ್ದೇನೆ ಎಂದು ನೋಡುತ್ತಿದ್ದರೆ ನನಗೆ ಹೇಗಾಗಬೇಡ? ಬದುಕಿರುವ ನೆಂಟರ ಕಾಟವೇ ಸಾಲದೆ! “ಬೀಳುತ್ತೆ ಮಾವ” ಎಂದೆ. ಅವರು ವಾದಕ್ಕೆ ಬರಲಿಲ್ಲ. ಮುಂದಿನ ಭಾನುವಾರ ನನ್ನನ್ನು ಬಸ್ಸಿನಲ್ಲಿ ಬೇಲೂರಿಗೇ ಕರೆದುಕೊಂಡು ಹೋದರು. ಬಿಸಿಲಿನಲ್ಲಿ ಕಾಲು ಸುಡುವ ಕಲ್ಲಿನ ಮೇಲೆ ನಿಲ್ಲಿಸಿ ಮೇಲೆ ತೋರಿಸಿದರು.

“ಆ ಹೆಣ್ಮಕ್ಕಳು ಮುಂದಕ್ಕೆ ಯಾಕೆ ಬಾಗಿದ್ದಾರೆ, ಹೇಳು.”

“ಕೆಳಗೆ ನಿಂತ ನಮ್ಮ ಗತಿ ನೋಡೋಕೆ ಇರಬೇಕು ಮಾವ.”

“ಕೆಳಗಿಂದ ನೋಡೋರಿಗೆ ಮುಖ ಕಾಣಲಿ ಅಂತ. ಅಷ್ಟು ವರ್ಷದಿಂದ ಇದ್ದಾರೆ, ಒಬ್ಬಳಾದರೂ ಬಿದ್ದಿದ್ದಾಳಾ?”

ಇಲ್ಲ, ಬಿದ್ದಿಲ್ಲ. ಆದರೆ ಬೇಲೂರಿಗೆ ರೈಲಿಲ್ಲ ಎಂಬುದು ಆಗ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ರೈಲಿನ ಕಥೆ ಕೇಳಿ. ನಮ್ಮದು ಹಳಿಯ ಪಕ್ಕದ ಮನೆ ಎಂದೆನಲ್ಲ, ರೈಲು ಹೋದಾಗಲೆಲ್ಲ ಗೋಡೆ ಸಣ್ಣಗೆ ನಡುಗುತ್ತದೆ. ನಡುಗಿದರೆ ಚಿತ್ರಗಳು ಸೊಟ್ಟಗಾಗುತ್ತವೆ. ದಿನಕ್ಕೆ ಎಷ್ಟು ಸಲ ಸರಿಮಾಡುವುದು? ಮಾವನವರು ಒಂದು ತಿಂಗಳು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿ ಹಾಕಿ ಒಂದು ಸಿದ್ಧಾಂತ ಕಂಡುಹಿಡಿದರು. ಹಾಸನದ ಕಡೆ ಹೋಗುವ ರೈಲಿಗೆ ಚಿತ್ರ ಬಲಕ್ಕೆ ವಾಲುತ್ತದೆ, ಹಾಸನದ ಕಡೆಯಿಂದ ಬರುವ ರೈಲಿಗೆ ಎಡಕ್ಕೆ. ಸರಿ, ಇದಕ್ಕೆ ಪರಿಹಾರ? ರೈಲು ಹೋಗುವ ಮೊದಲೇ ಎಲ್ಲ ಚಿತ್ರಗಳನ್ನೂ ಅರ್ಧ ಬೆರಳು ಎಡಕ್ಕೆ ವಾಲಿಸಿ ಇಟ್ಟುಬಿಡುವುದು! ರೈಲು ಬಂದು ತಾನೇ ನೆಟ್ಟಗೆ ಮಾಡಿಕೊಂಡು ಹೋಗುತ್ತದೆ. ಇಡೀ ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲಿನಿಂದ ಮನೆಕೆಲಸ ಮಾಡಿಸಿಕೊಂಡವರು ಇವರೊಬ್ಬರೇ.

ನಮ್ಮ ಕಚೇರಿಯ ಶಿರಸ್ತೇದಾರರು ಮಗಳ ಮದುವೆಯ ಕರೆಯೋಲೆ ಕೊಡಲು ಬಂದದ್ದು ಒಂದು ಶನಿವಾರ. ಅವತ್ತು ರೈಲು ತಡ. ಸೋಫಾದಲ್ಲಿ ಕೂತವರು ಸುತ್ತ ಕಣ್ಣಾಡಿಸಿದರು. ಆನೆಗಳೆಲ್ಲ ದಿಣ್ಣೆ ಹತ್ತುತ್ತಿವೆ. ಮೇಲೆ ಹೆಂಗಸರೆಲ್ಲ ಒಂದೇ ಕಡೆಗೆ ಜೋಲಿ ಹೊಡೆದಿದ್ದಾರೆ.

“ಏನ್ ಮೇಷ್ಟ್ರೇ, ಎಲ್ಲ ಚಿತ್ರಗಳೂ ಸೊಟ್ಟಗಿದ್ದಾವಲ್ಲ?” ಎಂದರು.

“ಸೊಟ್ಟ ಅಲ್ಲ ಸ್ವಾಮಿ, ರೈಲು ಇನ್ನೂ ಬಂದಿಲ್ಲ.”

“ಯಾವ ರೈಲು?”

“ಹಾಸನಕ್ಕೆ ಹೋಗೋದು. ಬರಲಿ, ಎಲ್ಲ ಸರಿಹೋಗುತ್ತೆ. ನೀವು ಕಾಫಿ ತಗೊಳ್ಳಿ.”

ಶಿರಸ್ತೇದಾರರು ಲೋಟ ಕೆಳಗಿಟ್ಟು ನನ್ನ ಕಡೆ ನೋಡಿದರು. ನಾನು ಅಡುಗೆಮನೆಯಲ್ಲಿ ಏನೋ ಉಕ್ಕುತ್ತಿದೆ ಎಂಬಂತೆ ಎದ್ದೆ. ಅಷ್ಟರಲ್ಲಿ ರೈಲು ಬಂತು. ಗೋಡೆ ನಡುಗಿತು. ಒಪ್ಪಿಕೊಳ್ಳಲೇಬೇಕು, ಆನೆಗಳು ನಿಜವಾಗಿಯೂ ನೆಟ್ಟಗಾದವು! ಆದರೆ ಮೇಲೆ ಕನ್ನಡಿ ಹಿಡಿದು ನಿಂತಿದ್ದ ಸುಂದರಿಯ ದಾರ ಜಾರಿತು. ಚೌಕಟ್ಟು ಸಮೇತ ಬಂದವಳು ನೇರವಾಗಿ ಶಿರಸ್ತೇದಾರರ ತೊಡೆಯ ಮೇಲೆ ಕೂತಳು.

“ನೋಡಿದ್ರಾ, ಗಾಜು ಕೂಡ ಒಡೆದಿಲ್ಲ” ಎಂದರು ಮಾವನವರು, ಬಹಳ ಸಮಾಧಾನದಿಂದ.

ಸೋಮವಾರ ಕಚೇರಿಯಲ್ಲಿ ಶಿರಸ್ತೇದಾರರು ನನ್ನ ಟೇಬಲ್ಲಿನ ಹತ್ತಿರ ಬಂದು ನಿಂತರು. “ಮನೇಲಿ ಎಲ್ಲ ಹುಷಾರಾಗಿದ್ದೀರಾ ಅಮ್ಮ?” ಎಂದು ಕೇಳಿದರು. ಅಂದಿನಿಂದ ನಾನು ರಜೆ ಕೇಳಿದರೆ ಕಾರಣ ಕೇಳದೆ ಸಹಿ ಹಾಕುತ್ತಾರೆ. ಮಾವನವರಿಂದ ನನಗೆ ಆದ ಉಪಕಾರ ಎಂದರೆ ಇದೊಂದೇ.

ಉಳಿದ ಹದಿನೇಳು ಚಿತ್ರಗಳು ಕೋಣೆಗಳ ಪಾಲಾದವು. ಈಗ ನಮ್ಮ ನಡುಮನೆಯ ಗೋಡೆ ನಿಮ್ಮ ಕಣ್ಣಿಗೆ ಕಟ್ಟಿರಬೇಕು. ಕೆಳಗೆ ಹಳೇಬೀಡು, ಮೇಲೆ ಬೇಲೂರು, ಮನುಷ್ಯರ ಕಣ್ಣಿಗೆ ಸುಲಭವಾಗಿ ಕಾಣುವ ಮಧ್ಯದ ಜಾಗ ಮಾತ್ರ ಬಟಾಬಯಲು, ಬರೀ ಅರಸೀಕೆರೆ! ಆ ಬಯಲಿನ ನಡುವೆ ಬಾಗಿಲಿಗೆ ಎದುರಾಗಿ ಒಂದೇ ಒಂದು ಮೊಳೆ. ಒಂದನೇ ನಂಬರು. “ಇಲ್ಲಿ ಏನು ಹಾಕ್ತೀರಿ ಮಾವ?” ಎಂದು ಒಂದು ಸಲ ಕೇಳಿದ್ದೆ. “ಗುಡಿ ಗೋಡೆಯಲ್ಲಿ ಆ ಜಾಗ ಮೂರ್ತಿಗಳದ್ದು” ಎಂದು ಹೇಳಿ ಕನ್ನಡಕ ಒರೆಸತೊಡಗಿದರು. ದೇವರ ಪಟ ತರುತ್ತಾರೇನೋ ಎಂದುಕೊಂಡೆ. ವರ್ಷವಾದರೂ ಯಾವ ದೇವರೂ ಬರಲಿಲ್ಲ.

ಜನವರಿಯಲ್ಲಿ ಕೊಬ್ಬರಿ ಮಂಡಿಯವರು ದೊಡ್ಡ ಕ್ಯಾಲೆಂಡರ್ ಕೊಟ್ಟರು. ಇದ್ದ ಒಂದು ಮೊಳೆ ಖಾಲಿ ಇತ್ತಲ್ಲ, ಅದಕ್ಕೆ ಹಾಕಿ ಕಚೇರಿಗೆ ಹೋದೆ. ಸಂಜೆ ಬರುವಷ್ಟರಲ್ಲಿ ಕ್ಯಾಲೆಂಡರ್ ಅಡುಗೆಮನೆಯ ಬಾಗಿಲಿಗೆ ಹೋಗಿತ್ತು. ಮೊಳೆಯನ್ನು ಒರೆಸಿದ್ದರು. ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು. ಬೈದಿದ್ದರೆ ತಿರುಗಿ ನಾನೂ ಎರಡು ಮಾತು ಆಡಬಹುದಿತ್ತು. ಒಂದು ಮೊಳೆಗೆ ಇಷ್ಟೊಂದಾ ಎಂದು ನನಗೆ ಅಳು ಬಂದುಬಿಟ್ಟಿತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಪಿತೃಪಕ್ಷ ಹತ್ತಿರ ಬಂತು. ಹಾರನಹಳ್ಳಿಗೆ ಮದುವೆಯಾಗಿ ಹೋಗಿರುವ ನನ್ನ ನಾದಿನಿ ಫೋನು ಮಾಡಿದಳು. ಮಾವನವರ ಒಬ್ಬಳೇ ಮಗಳು, ದನಿ ಮಾತ್ರ ನಾಲ್ಕು ಹೆಣ್ಣುಮಕ್ಕಳದ್ದು.

“ನೋಡು, ಹೋದ್ಸಲ ಅವ್ವಂಗೆ ಬರೀ ಕಳಸ ಇಕ್ಕಿ, ಸೀರೆ ಮಡಗಿ ಎಡೆ ಇಟ್ರಿ. ಈ ಸಲ ಫೋಟೋ ಇರ್ಲೇಬೇಕು. ಮನೆ ತುಂಬಾ ಆನೆ ಐತೆ, ಕುಣಿಯೋರು ಅವ್ರೆ. ಹೆತ್ತವ್ವಂದು ಒಂದು ಫೋಟೋ ಇಲ್ವಲ್ಲೇ! ನೆಂಟ್ರು ಏನಂತಾರೆ?”

ನೆಂಟರು ಏನನ್ನುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಎರಡು ವರ್ಷದಿಂದ ಅನ್ನುತ್ತಲೇ ಇದ್ದರು. ಮಾವನನ್ನು ಯಾರೂ ಅನ್ನುವುದಿಲ್ಲ, ಮಗನನ್ನೂ ಅನ್ನುವುದಿಲ್ಲ. ನಲವತ್ತು ಚೌಕಟ್ಟು ನೇತಾಡುವ ಮನೆಯಲ್ಲಿ ಅತ್ತೆಯ ಫೋಟೋ ಇಲ್ಲ ಎಂದರೆ ಅದು ಸೊಸೆಯ ಕೆಲಸವೇ! ನನಗೂ ಅತ್ತೆಗೂ ಹೇಗಿತ್ತು ಎಂದು ಯಾರು ಕೇಳಿದರು? ಶುಕ್ರವಾರ ಹೂ ತಂದರೆ ತಾವು ಮುಡಿಯುವ ಮೊದಲು ಅರ್ಧ ಕಿತ್ತು ನನ್ನ ಕೈಗೆ ಹಾಕುತ್ತಿದ್ದವರು ಅವರು. ಅವರ ಫೋಟೋ ಹಾಕಲು ನನಗೇನು ಕಷ್ಟ?

ಕಷ್ಟವೇನೆಂದರೆ ಫೋಟೋನೇ ಇರಲಿಲ್ಲ. ಅತ್ತೆ ಕ್ಯಾಮೆರಾ ಕಂಡರೆ ಅಡುಗೆಮನೆಗೆ ಓಡುತ್ತಿದ್ದರು. ನಮ್ಮ ಮದುವೆಯ ಆಲ್ಬಮ್ಮಿನಲ್ಲಿ ಅವರದು ಎರಡು ಕಡೆ ಬೆನ್ನು, ಒಂದು ಕಡೆ ಮೊಣಕೈ. ಗುರುತಿನ ಚೀಟಿಯಲ್ಲಿರುವ ಹೆಂಗಸು ಯಾರೆಂದು ನಮ್ಮಲ್ಲಿ ಯಾರಿಗೂ ಗುರುತು ಸಿಕ್ಕಿಲ್ಲ. ಇರುವುದು ಒಂದೇ ಒಂದು ಒಳ್ಳೆಯ ಚಿತ್ರ. ಹತ್ತು ಹದಿನೈದು ವರ್ಷದ ಹಿಂದೆ ಹಳೇಬೀಡಿನಲ್ಲಿ, ಕ್ಯಾಮೆರಾ ಕುತ್ತಿಗೆಗೆ ಹಾಕಿಕೊಂಡು ಪ್ರವಾಸಿಗರ ಹಿಂದೆ ಓಡಾಡುವ ಫೋಟೋದವನು ತೆಗೆದದ್ದು. ದೊಡ್ಡ ನಂದಿಯ ಮುಂದೆ ಮಾವನವರು ಕಂಕುಳಲ್ಲಿ ಬೋರ್ಡು ಸಿಕ್ಕಿಸಿಕೊಂಡು ಕ್ಯಾಮೆರಾ ನೋಡುತ್ತಿದ್ದಾರೆ. ಎಡಕ್ಕೆ ಹಸಿರು ಸೀರೆಯ ಅತ್ತೆ. ಅವರು ಕ್ಯಾಮೆರಾ ನೋಡುತ್ತಿಲ್ಲ. ಗಂಡನ ಕಡೆ ತಿರುಗಿ, ಬಾಯಿ ಅರ್ಧ ತೆರೆದು ಏನೋ ಹೇಳುತ್ತಿದ್ದಾರೆ.

ಅದನ್ನು ಮಾವನವರು ಟ್ರಂಕಿನಲ್ಲಿ ಇಟ್ಟುಕೊಂಡಿದ್ದರು. ಕೇಳಿದಾಗಲೆಲ್ಲ “ನೋಡೋಣ” ಎನ್ನುತ್ತಿದ್ದರು. ಅವರಲ್ಲಿ ನೋಡೋಣ ಎಂದರೆ ಕುರ್ಚಿ ಹಾಕಿಕೊಂಡು ನೋಡುವುದು ಎಂದು ನಿಮಗೀಗ ಗೊತ್ತಲ್ಲ. ನಾದಿನಿ ನೋಡುತ್ತ ಕೂರುವವಳಲ್ಲ. ಯಾವಾಗಲೋ ಆ ಫೋಟೋವನ್ನು ತನ್ನ ಫೋನಿನಲ್ಲಿ ತೆಗೆದುಕೊಂಡು ಹೋಗಿದ್ದಳು. ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ, ಸ್ಟುಡಿಯೋದಲ್ಲಿ ಕಟ್ಟು ಹಾಕಿಸಿದ ದೊಡ್ಡ ಪಟವೊಂದನ್ನು ತಬ್ಬಿಕೊಂಡು ಆಟೋದಿಂದ ಇಳಿದಳು.

ಬಿಚ್ಚಿದೆವು. ಸ್ಟುಡಿಯೋದವರು ಅತ್ತೆಯನ್ನು ಮಾತ್ರ ಕತ್ತರಿಸಿ ತೆಗೆದಿದ್ದರು. ಹಸಿರು ಹತ್ತಿ ಸೀರೆ ಹೋಗಿ ಮೈಮೇಲೆ ಜರಿಯ ನೀಲಿ ಸೀರೆ ಬಂದಿತ್ತು. ಹಿಂದೆ ಹಳೇಬೀಡಿರಲಿಲ್ಲ, ಹಿಮದ ಬೆಟ್ಟಗಳಿದ್ದವು. ಹಳೇಬೀಡಿನ ಆಚೆ ಕಾಣದ ನಮ್ಮ ಅತ್ತೆ ವಿದೇಶಕ್ಕೆ ಹೋಗಿ ನಿಂತಿದ್ದರು! ಮಾವನವರ ಮೊಣಕೈ ಒಂದು ತೆಗೆಯಲು ಬರದೆ ಅದರ ಮೇಲೊಂದು ಗುಲಾಬಿ ಗಿಡ ಹಾಕಿದ್ದರು. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಆದರೆ ಅತ್ತೆ ಮಾತ್ರ ಮೊದಲಿನ ಹಾಗೆಯೇ ಪಕ್ಕಕ್ಕೆ ತಿರುಗಿ, ಬಾಯಿ ಅರ್ಧ ತೆರೆದು, ಆ ಗುಲಾಬಿ ಗಿಡಕ್ಕೆ ಏನೋ ಹೇಳುತ್ತಿದ್ದರು.

ಮಾವನವರು ಪಟವನ್ನು ಗೋಡೆಗೆ ಒರಗಿಸಿ ಎದುರಿಗೆ ಕುರ್ಚಿ ಹಾಕಿಕೊಂಡು ಕೂತರು.

“ಯಾಕಪ್ಪ, ಚೆಂದಾಗಿಲ್ವಾ?” ಎಂದಳು ನಾದಿನಿ.

“ಚೆನ್ನಾಗಿದೆ ಕಣಮ್ಮ. ಇವಳು ಯಾರ ಹತ್ರ ಮಾತಾಡ್ತಿದ್ದಾಳೆ?”

ನಾವಿಬ್ಬರೂ ಬಗ್ಗಿ ಪಟವನ್ನು ಇನ್ನೊಮ್ಮೆ ನೋಡಿದೆವು.

“ಅವತ್ತು ಫೋಟೋದವನು ರೆಡಿ ಅಂದ ತಕ್ಷಣ, ‘ಕಾಲರ್ ಮಡಚಿಕೊಂಡಿದೆ, ಸರಿ ಮಾಡ್ಕೊಳ್ರೀ’ ಅಂದಳು. ಅದನ್ನೇ ಹೇಳ್ತಿರೋದು ಅದರಲ್ಲಿ. ನನ್ನನ್ನ ಕತ್ತರಿಸಿ ತೆಗೆದುಬಿಟ್ಟರೆ ಅವಳು ಯಾರಿಗಮ್ಮ ಹೇಳ್ಬೇಕು?”

ನಾದಿನಿಯ ದನಿ ಇಳಿದುಹೋಯಿತು. “ಹಂಗಾದ್ರೆ ಆ ಫೋಟೋನೇ ಇಡಿಯಾಗಿ ಹಾಕಪ್ಪ” ಎಂದಳು.

“ಹೇಗೆ ಹಾಕಲಿ? ಹಾರ ಹಾಕಿದರೆ ನಾನೂ ಸತ್ತ ಹಾಗೆ. ಹಾಕದಿದ್ದರೆ ಅವಳು ಇನ್ನೂ ಇದ್ದಾಳೆ ಅಂದ ಹಾಗೆ. ಎರಡೂ ಸುಳ್ಳು.” ಕನ್ನಡಕ ತೆಗೆದು ಒರೆಸಿಕೊಂಡರು. “ಅವಸರ ಏನು? ನಾನೂ ಹೋದ ಮೇಲೆ ಹಾಕಿ. ಒಂದೇ ಫೋಟೋ, ಒಂದೇ ಹಾರ ಸಾಕು. ಮೊಳೆ ಹೊಡೆದಿಟ್ಟಿದ್ದೀನಲ್ಲ. ನಿಮಗೆ ಬಿಟ್ಟರೆ ಸೊಟ್ಟಗೆ ಹೊಡೀತೀರಿ.”

ನಾನು ಎದ್ದು ಒಳಗೆ ಹೋದೆ. ಆ ಮೊಳೆಗೆ ನಾನು ಕೊಬ್ಬರಿ ಮಂಡಿಯ ಕ್ಯಾಲೆಂಡರ್ ಹಾಕಿದ್ದೆನಲ್ಲ ಎಂದು ನಾಚಿಕೆಯಾಯಿತು. ಮೇಜಿನ ಮೇಲೆ ಅವರ ನೋಟುಬುಕ್ಕಿತ್ತು. ತೆರೆದೆ. ಎರಡನೇ ನಂಬರಿನಿಂದ ಎಲ್ಲಕ್ಕೂ ಅಡಿ, ಅಂಗುಲ, ಅರ್ಧ ಅಂಗುಲ. ಒಂದನೇ ನಂಬರಿನ ಎದುರು ಎತ್ತರದ ಅಂಕಣದಲ್ಲಿ ಅಂಕಿಯೇ ಇಲ್ಲ. ‘ಅವಳಷ್ಟು’ ಎಂದು ಬರೆದಿದ್ದರು. ಎರಡು ವರ್ಷ ಆ ನಲವತ್ತು ಚಿತ್ರಗಳ ಜೊತೆ ಗುದ್ದಾಡಿದ ನನಗೆ ಅವು ಯಾಕೆ ಬಂದವು ಎಂಬುದು ಅವತ್ತು ಅರ್ಥವಾಯಿತು. ಒಂದನ್ನು ಹಾಕಲಾಗದೆ ಉಳಿದದ್ದನ್ನೆಲ್ಲ ಹಾಕಿದ್ದರು.

ಮಾರನೇ ಬೆಳಿಗ್ಗೆ ನಾದಿನಿ ಎಡೆಗೆ ಕಡುಬು, ವಡೆ ಮಾಡುತ್ತಿದ್ದಳು. ಅಳುತ್ತಲೇ ಮಾಡುತ್ತಿದ್ದಳು, ಈರುಳ್ಳಿ ಎಂದು ಸುಳ್ಳು ಹೇಳುತ್ತಿದ್ದಳು. ನಾನು ಮಾವನವರನ್ನು ಕೇಳಲಿಲ್ಲ. ಟ್ರಂಕಿನಿಂದ ಹಳೇಬೀಡಿನ ಫೋಟೋ ತೆಗೆದೆ. ಅದಕ್ಕೂ ಅವರು ಯಾವಾಗಲೋ ಕಟ್ಟು ಹಾಕಿಸಿ, ದಾರ ಕಟ್ಟಿ ಇಟ್ಟಿದ್ದರು. ತಂದು ಒಂದನೇ ನಂಬರಿಗೆ ಹಾಕಿದೆ. ಅತ್ತೆಯ ಮುಖ ಸರಿಯಾಗಿ ನನ್ನ ಮುಖದ ಎದುರಿಗೆ ಬಂತು. ಇಲ್ಲೇ ನಿಂತು ಕೈಗೆ ಹೂ ಹಾಕುತ್ತಿದ್ದರಲ್ಲ ಎನಿಸಿತು.

ಮಾವನವರು ಆನೆ ಒರೆಸುತ್ತಿದ್ದವರು ಎದ್ದು ಅಲ್ಲೇ ನಿಂತುಬಿಟ್ಟರು. “ಹಾರ?” ಎಂದರು.

ನಾನು ಎಡೆಗೆಂದು ತಂದಿದ್ದ ಬಾಳೆಲೆಯ ಪೊಟ್ಟಣದಿಂದ ಮಲ್ಲಿಗೆ ತೆಗೆದು ಎರಡು ತುಂಡು ಮಾಡಿದೆ. ಒಂದನ್ನು ಚೌಕಟ್ಟಿನ ಮೂಲೆಗೆ, ಅತ್ತೆಯ ತಲೆಯ ಮೇಲೆ ಬರುವ ಹಾಗೆ ಸಿಕ್ಕಿಸಿದೆ. ಇನ್ನೊಂದನ್ನು ನಾನು ಮುಡಿದೆ.

“ಹಾರ ಅಲ್ಲ ಮಾವ. ಮುಡಿಗೆ ಹೂ. ಇದ್ದವರೂ ಮುಡೀತಾರೆ, ಹೋದವರಿಗೂ ಇಡ್ತೀವಿ. ಇದರಲ್ಲಿ ಸುಳ್ಳೇನೂ ಇಲ್ಲ.”

ಅವರು ಪೈಪು ತರಲಿಲ್ಲ, ಕುರ್ಚಿ ತರಲಿಲ್ಲ. ನಿಂತು ನೋಡುತ್ತಲೇ ಇದ್ದರು. ಅಷ್ಟರಲ್ಲಿ ಹಾಸನದ ಕಡೆಯಿಂದ ರೈಲು ಬಂತು, ಗೋಡೆ ನಡುಗಿತು, ಮನೆಯ ಚಿತ್ರಗಳೆಲ್ಲ ಎಡಕ್ಕೆ ವಾಲಿದವು. ಮಾವನವರು ಎಂದಿನಂತೆ ಒಂದು ಸುತ್ತು ಹೊರಟರು. ಆನೆಗಳನ್ನು ನೆಟ್ಟಗೆ ಮಾಡಿದರು, ಕೋಲು ತೆಗೆದುಕೊಂಡು ಮದನಿಕೆಯರನ್ನು ನೆಟ್ಟಗೆ ಮಾಡಿದರು. ಕೊನೆಗೆ ಆ ಫೋಟೋದ ಹತ್ತಿರ ಬಂದು ಕೈ ಎತ್ತಿದವರು ಕೈ ಇಳಿಸಿದರು.

“ಮಾವ, ಅದು ಸೊಟ್ಟಗಿದೆ” ಎಂದೆ.

“ಇರಲಿ ಬಿಡಮ್ಮ. ಹೂವಿನ ಭಾರ. ಅವಳ ಕಡೆಗೆ ವಾಲಿದೆ.”

ಹಾಗೆಂದವರು ಫೋಟೋದಲ್ಲಿದ್ದ ಅತ್ತೆಯನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಕುತ್ತಿಗೆಗೆ ಕೈ ಹಾಕಿ, ಮಡಚಿಕೊಂಡಿದ್ದ ಕಾಲರನ್ನು ಮೆಲ್ಲಗೆ ಹೊರಕ್ಕೆ ತೆಗೆದು ಸರಿಮಾಡಿಕೊಂಡರು.